ಕಛೇರಿಯನ್ನು ಆರಿಸುವ ಮುನ್ನ

(ನಮ್ಮ ಸಂಘದ ಯುವ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇನ್‌ವೆಸ್ಟ್‌ಮೆಂಟ್ ಬ್ಯಾಂಕುಗಳಲ್ಲಿ ಕೆಲಸಕ್ಕೆ ಸೇರುವ ತರುಣರು ಕಛೇರಿಯನ್ನು ಹೇಗೆ ಆರಿಸಿಕೊಳ್ಳಬೇಕು ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಯುವ ವಿಭಾಗದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ವಿಷಯವನ್ನು ಆರಿಸುವಲ್ಲಿ ಅವರು ತೋರಿದ ಎಚ್ಚರವನ್ನು ಭಾಷಣಕಾರನನ್ನು ಆರಿಸುವಲ್ಲಿ ತೋರಿದಂತೆ ಕಾಣುವುದಿಲ್ಲ. ನಾನೊಬ್ಬ ಬ್ಯಾಂಕಿನ ಗುಮಾಸ್ತ. ಬಿ.ಕಾಂ. ಮುಗಿಸಿ, ಪರೀಕ್ಷೆ ಕಟ್ಟಿ, ಹತ್ತು ವರ್ಷಗಳಿಂದ ಕೌಂಟರಿನ ಹಿಂದೆ ಕುಳಿತಿದ್ದೇನೆ. ಈಚೆಗೆ ನಮ್ಮ ಹುದ್ದೆಗೆ ‘ಕಸ್ಟಮರ್ ಸರ್ವಿಸ್ ಅಸೋಸಿಯೇಟ್’ ಎಂಬ ಉದ್ದನೆಯ ಹೆಸರು ಬಂದಿದೆ. ಸಾಲಿನಲ್ಲಿ ನಿಂತವರು ಮಾತ್ರ ಇಂದಿಗೂ ಕ್ಲಾರ್ಕ್ ಎಂದೇ ಕರೆಯುತ್ತಾರೆ. ಇನ್‌ವೆಸ್ಟ್‌ಮೆಂಟ್ ಬ್ಯಾಂಕಿಗೂ ನನ್ನ ಬ್ಯಾಂಕಿಗೂ ಇರುವ ಸಂಬಂಧವೆಂದರೆ ಆಳ ಸಮುದ್ರದ ದೋಣಿಗೂ ಸಂತೆಯ ಮೀನುಬುಟ್ಟಿಗೂ ಇರುವಂಥದು.

ಆದರೂ ಒಪ್ಪಿಕೊಂಡುದಕ್ಕೆ ಎರಡು ಕಾರಣಗಳುಂಟು. ಎಂ.ಬಿ.ಎ. ಓದಲು ಹೊರಟ ಮಕ್ಕಳ ವಿದ್ಯಾಸಾಲದ ಕಾಗದಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಸಾಲ ಕೇಳಲು ಬಂದಾಗಿನ ಮುಖವನ್ನೂ, ಮೂರು ನಾಲ್ಕು ವರ್ಷ ಕಳೆದು ಕಂತಿನ ವಿಚಾರ ಮಾತಾಡಲು ಬಂದಾಗಿನ ಮುಖವನ್ನೂ ನಾನು ನೋಡಿದ್ದೇನೆ. ಎರಡನೆಯ ಕಾರಣ ನನ್ನ ತಮ್ಮ. ಅವನ ವಿಚಾರವನ್ನು ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. “ಹೇಳು ಅಣ್ಣಾ, ಆ ಬ್ಯಾಂಕಿನ ಹೆಸರು ಮಾತ್ರ ಎತ್ತಬೇಡ” ಎಂದಿದ್ದಾನೆ. ಹಾಗೆಯೇ ಆಗಲಿ.

ಮೊದಲು ಹಿರಿಯರಿಗಾಗಿ ಒಂದು ವಿವರಣೆ. ಬ್ಯಾಂಕು ಎಂದೊಡನೆ ನಮ್ಮ ಕರಾವಳಿಯವರ ನೆನಪಿಗೆ ಬರುವುದು ಪಿಗ್ಮಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ ೧೯೨೮ರಲ್ಲಿ ಮನೆಮನೆಗೆ ಏಜೆಂಟರನ್ನು ಕಳುಹಿಸಿ ದಿನಕ್ಕೆ ಎರಡಾಣೆಯಂತೆ ಉಳಿತಾಯ ಕಲೆಹಾಕಲು ತೊಡಗಿತಷ್ಟೆ. ಇನ್‌ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಪಿಗ್ಮಿಯೂ ಇಲ್ಲ, ಪಾಸ್‌ಬುಕ್ಕೂ ಇಲ್ಲ, ಕೌಂಟರೂ ಇಲ್ಲ. ಒಂದು ಕಂಪೆನಿ ಜನರಿಂದ ಬಂಡವಾಳ ಎತ್ತಬೇಕಾದಾಗ, ಇನ್ನೊಂದು ಕಂಪೆನಿಯನ್ನು ಕೊಳ್ಳಬೇಕಾದಾಗ, ಇಲ್ಲವೆ ತನ್ನನ್ನೇ ಮಾರಿಕೊಳ್ಳಬೇಕಾದಾಗ ಇವರ ಬಳಿಗೆ ಹೋಗುತ್ತದೆ. ಬೆಲೆ ಕಟ್ಟುವವರು, ಕಾಗದಪತ್ರ ಸಿದ್ಧಪಡಿಸುವವರು, ಗಿರಾಕಿ ಹುಡುಕಿಕೊಡುವವರು ಇವರು. ಅದಕ್ಕೆ ಸಿಗುವ ಶುಲ್ಕವೇ ಇವರ ಆದಾಯ. ನಮ್ಮ ದೇಶದಲ್ಲಿ ಈ ಕೆಲಸವನ್ನು ೧೯೬೭ರಲ್ಲಿ ಗ್ರಿಂಡ್ಲೇಸ್ ಬ್ಯಾಂಕು ‘ಮರ್ಚೆಂಟ್ ಬ್ಯಾಂಕಿಂಗ್’ ಎಂಬ ಹೆಸರಿನಲ್ಲಿ ಆರಂಭಿಸಿತೆಂದು ಬಿ.ಕಾಂ. ತರಗತಿಯಲ್ಲಿ ಓದಿದ್ದೆ. ನೀವು ಹೊಸ ಷೇರಿಗೆ ಅರ್ಜಿ ಹಾಕಿದಾಗ ನಿಮ್ಮ ಖಾತೆಯ ಹಣವನ್ನು ತಡೆಹಿಡಿದಿಡುವವರು ನಮ್ಮಂಥವರು. ಆ ಷೇರಿನ ನಾಲ್ಕೈದು ನೂರು ಪುಟದ ವಿವರಪತ್ರವನ್ನು ನಿದ್ದೆಗೆಟ್ಟು ತಯಾರಿಸಿದವರು ಅವರು. ೨೦೨೩ರ ಡಿಸೆಂಬರಿನಿಂದ, ಅರ್ಜಿಯ ಅವಧಿ ಮುಗಿದ ಮೂರು ಕೆಲಸದ ದಿನಗಳೊಳಗೆ ಷೇರು ಪೇಟೆಗೆ ಬರಲೇಬೇಕೆಂದು ಸೆಬಿ ಕಡ್ಡಾಯ ಮಾಡಿತು. ಹೂಡಿಕೆದಾರರಿಗೆ ಅದರಿಂದ ಒಳ್ಳೆಯದೇ ಆಯಿತು. ಆ ಮೂರು ದಿನ ಯಾರ ಮನೆಯಲ್ಲಿ ದೀಪ ಆರಲಿಲ್ಲವೆಂಬುದು ಬೇರೆ ಮಾತು.

ಇಲ್ಲಿನ ಹುದ್ದೆಗಳ ಹೆಸರಿನಿಂದಲೂ ಮೋಸಹೋಗಬಾರದು. ಹೊಸಬ ‘ಅನಲಿಸ್ಟ್’, ಎಂ.ಬಿ.ಎ. ಮಾಡಿ ಬಂದವ ‘ಅಸೋಸಿಯೇಟ್’, ಆಮೇಲೆ ‘ವೈಸ್ ಪ್ರೆಸಿಡೆಂಟ್’. ಹುಡುಗ ವೈಸ್ ಪ್ರೆಸಿಡೆಂಟ್ ಆಗಿದ್ದಾನೆಂದು ಕೇಳಿ ಊರಿನಿಂದ ಸಂಬಂಧ ಕೇಳಿಕೊಂಡು ಬಂದವರು, ಅದೇ ಮಾಳಿಗೆಯಲ್ಲಿ ಇನ್ನೂ ಹಲವು ವೈಸ್ ಪ್ರೆಸಿಡೆಂಟರು ಇದ್ದಾರೆಂದು ತಿಳಿದು ಕಕ್ಕಾಬಿಕ್ಕಿಯಾದುದನ್ನು ನಾನು ಬಲ್ಲೆ.

ಇನ್ನು ನನ್ನ ಅಪ್ಪಯ್ಯನ ಒಂದು ಸಂಗತಿ. ಇದು ವಿಷಯಾಂತರವಲ್ಲ, ಸ್ವಲ್ಪ ತಾಳ್ಮೆಯಿರಲಿ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಈ ಊರಿಗೆ ಬಂದವರು. ಫೋರ್ಟಿನಲ್ಲಿ ಎರಡು ಉಡುಪಿ ಹೋಟೆಲುಗಳವರು ಅವರನ್ನು ಕೆಲಸಕ್ಕೆ ಕರೆದರಂತೆ. ಒಬ್ಬರು ತಿಂಗಳಿಗೆ ಹದಿನೈದು ರೂಪಾಯಿ ಹೆಚ್ಚು ಕೊಡುತ್ತೇನೆಂದರು. ಇನ್ನೊಬ್ಬರು ಹೆಚ್ಚು ಕೊಡಲಾರೆ, ಆದರೆ ಸಂಜೆ ಆರೂವರೆಗೆ ಹುಡುಗರನ್ನು ಕನ್ನಡ ರಾತ್ರಿಶಾಲೆಗೆ ಬಿಡುತ್ತೇನೆ ಎಂದರು. ಅಪ್ಪಯ್ಯ ಹದಿನೈದು ರೂಪಾಯಿ ಬಿಟ್ಟು ಎರಡನೆಯವರಲ್ಲಿ ನಿಂತರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬುವುದು, ಹಗಲೆಲ್ಲ ಮೇಜು ಒರೆಸುವುದು, ಸಂಜೆ ಪಾಠ. ಹೀಗೆ ಎಸ್.ಎಸ್.ಸಿ. ಮುಗಿಸಿ, ಬ್ಯಾಂಕಿನಲ್ಲಿ ಜವಾನರಾಗಿ ಸೇರಿ, ಗುಮಾಸ್ತರಾಗಿ ನಿವೃತ್ತರಾದರು. ಈ ಸಭೆಯಲ್ಲಿ ಕುಳಿತಿರುವ ಹಿರಿಯರಲ್ಲಿ ಅರ್ಧದಷ್ಟು ಮಂದಿಯ ಕಥೆ ಇದೇ ಎಂಬುದನ್ನು ನಾನು ಹೇಳಬೇಕಾದುದಿಲ್ಲ. ಆ ಕಾಲದ ಹುಡುಗರಲ್ಲಿ ಹೋಟೆಲಿನ ಹೆಸರನ್ನು ಕೇಳಿ ಸೇರುತ್ತಿದ್ದವರು ಕಡಿಮೆ. “ಧಣಿ ಶಾಲೆಗೆ ಬಿಡುತ್ತಾರೆಯೆ?” ಎಂಬುದೇ ಅವರ ಪ್ರಶ್ನೆ.

ನನ್ನ ತಮ್ಮ ಎಂ.ಬಿ.ಎ. ಮುಗಿಸಿದಾಗ ಅಪ್ಪಯ್ಯ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಂದೇ ವಾರದಲ್ಲಿ ಅವನಿಗೆ ಎರಡು ಪತ್ರಗಳು ಬಂದವು. ಒಂದು ಬಾಂದ್ರಾ–ಕುರ್ಲಾ ಸಂಕೀರ್ಣದ, ಅಂದರೆ ನಾವೆಲ್ಲ ಬಿ.ಕೆ.ಸಿ. ಎನ್ನುವ ಸ್ಥಳದ, ಗಾಜಿನ ಕಟ್ಟಡದಲ್ಲಿರುವ ಜಗತ್ಪ್ರಸಿದ್ಧ ಸಂಸ್ಥೆಯದು. ಇನ್ನೊಂದು ಫೋರ್ಟಿನ ಹಳೆಯ ಕಟ್ಟಡದಲ್ಲಿ, ಜಾಲರಿ ಬಾಗಿಲಿನ ಲಿಫ್ಟು ಇರುವ ಕಡೆ, ನಲವತ್ತು ಜನರಿರುವ ದೇಶೀ ಸಂಸ್ಥೆಯದು. ತಮ್ಮನ ಮನಸ್ಸು ಎರಡನೆಯದರ ಕಡೆಗಿತ್ತು. ಸಂದರ್ಶನ ಮಾಡಿದ ಹಿರಿಯರು ಅವನನ್ನು ಕೂರಿಸಿಕೊಂಡು ಒಂದು ಸಿಮೆಂಟು ಕಂಪೆನಿಯ ಲೆಕ್ಕಪತ್ರವನ್ನು ಹೇಗೆ ಓದಬೇಕೆಂದು ಒಂದು ಗಂಟೆ ಹೇಳಿಕೊಟ್ಟರಂತೆ. ಚಹಾ ತಣ್ಣಗಾದುದೇ ಇಬ್ಬರಿಗೂ ತಿಳಿಯಲಿಲ್ಲವಂತೆ.

ನಾನು ಅಣ್ಣ. ಬುದ್ಧಿ ಹೇಳಿದೆ. “ಹೆಸರು ನೋಡು. ಈ ಹೆಸರು ಎರಡು ವರ್ಷ ನಿನ್ನ ಕಾಗದದ ಮೇಲಿದ್ದರೆ ಮುಂದೆ ಎಲ್ಲಿ ಬೇಕಾದರೂ ಬಾಗಿಲು ತೆರೆದೀತು. ಸಂಬಳವೂ ಒಂದೂವರೆ ಪಾಲು” ಎಂದೆ. ಡೊಂಬಿವಲಿಯ ನಮ್ಮ ಮನೆಯ ಸಾಲಕ್ಕೆ ಇನ್ನೂ ಒಂಬತ್ತು ವರ್ಷದ ಕಂತು ಬಾಕಿಯಿತ್ತು. ಆ ಲೆಕ್ಕವೂ ನನ್ನ ತಲೆಯೊಳಗೆ ಓಡುತ್ತಿತ್ತು ಎಂಬುದನ್ನು ಈ ವೇದಿಕೆಯ ಮೇಲೆ ಹೇಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಉಳಿದ ಮಾತಿಗೆ ಬೆಲೆಯಿರುವುದಿಲ್ಲ. ತಮ್ಮ ಎದುರಾಡಲಿಲ್ಲ. ಬಿ.ಕೆ.ಸಿ.ಗೆ ಸೇರಿದ.

ಮೊದಲ ತಿಂಗಳು ನಮಗೆಲ್ಲ ಹೆಮ್ಮೆ. ರಾತ್ರಿ ಹೊತ್ತಾದರೆ ಊಟವೂ ಮನೆಗೆ ಬರುವ ಟ್ಯಾಕ್ಸಿಯೂ ಕಛೇರಿಯ ಖರ್ಚಿನದು. ಇದನ್ನು ದೊಡ್ಡ ಸೌಲಭ್ಯವೆಂದು ನೆರೆಹೊರೆಯಲ್ಲಿ ಹೇಳಿಕೊಂಡೆವು. ದಿನಾ ರಾತ್ರಿಯ ಊಟ ಕೊಡುವ ಕಛೇರಿ, ರಾತ್ರಿಯ ಊಟದ ಹೊತ್ತಿಗೆ ಮನೆಗೆ ಕಳುಹಿಸುವ ಕಛೇರಿಯಲ್ಲ ಎಂಬುದು ಆಗ ಹೊಳೆಯಲಿಲ್ಲ. ಎರಡನೆಯ ತಿಂಗಳಿಂದ ಟ್ಯಾಕ್ಸಿ ಬರುವುದು ಎರಡು ಗಂಟೆಗೆ, ಎರಡೂವರೆಗೆ. ಅಮ್ಮ ಅನ್ನದ ಪಾತ್ರೆ ಮುಚ್ಚಿಟ್ಟು ಹಾಲಿನಲ್ಲಿ ಕುಳಿತಿರುತ್ತಿದ್ದಳು. “ನೀನು ಮಲಗಮ್ಮಾ” ಎಂದರೆ, “ಮಲಗಿದರೂ ಲಿಫ್ಟಿನ ಸದ್ದು ಕೇಳುವವರೆಗೆ ನಿದ್ದೆ ಬರುವುದಿಲ್ಲ, ಕುಳಿತೇ ಇರುತ್ತೇನೆ” ಎನ್ನುತ್ತಿದ್ದಳು. ಬೆಳಿಗ್ಗೆ ಎಂಟರ ಲೋಕಲ್ಲಿಗೆ ಮತ್ತೆ ಅವನು ಸ್ಟೇಶನ್ನಿನಲ್ಲಿ. ಕುರ್ಲಾದಲ್ಲಿ ಇಳಿದು, ಷೇರ್ ರಿಕ್ಷಾದ ಸಾಲಿನಲ್ಲಿ ನಿಂತು ಬಿ.ಕೆ.ಸಿ.

ಆಮೇಲೆ ಕಾಲಿನಾದಲ್ಲಿ ಇಬ್ಬರು ಹುಡುಗರೊಡನೆ ಕೋಣೆ ಹಿಡಿದ. ತಿಂಗಳಿಗೊಮ್ಮೆ ಮನೆಗೆ ಬಂದರೆ ಬಂದ. ಚೌತಿಗೆ ಬಂದವನು ದೇವರ ಮುಂದೆ ನೈವೇದ್ಯ ಇಡುವ ಹೊತ್ತಿಗೆ ಒಳಕೋಣೆಯಲ್ಲಿ ಲ್ಯಾಪ್‌ಟಾಪು ತೆರೆದು ಕುಳಿತಿದ್ದ. ಆರತಿಗೆ ಬಂದಾಗಲೂ ಕಿವಿಯಲ್ಲಿ ಫೋನು.

ಹದಿನೇಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ನಾನು ಶಾಖೆಯಲ್ಲಿ ಕ್ಯಾಶ್ ಎಣಿಸುತ್ತಿರುವಾಗ ಅವನ ಫೋನು ಬಂತು. “ಅಣ್ಣಾ, ಕುರ್ಲಾ ಮೇಲುಸೇತುವೆಯ ಮೆಟ್ಟಿಲ ಮೇಲೆ ಕುಳಿತಿದ್ದೇನೆ. ಏಳಲು ಆಗುತ್ತಿಲ್ಲ. ಹತ್ತು ಗಂಟೆಗೆ ಕಾಲ್ ಇದೆ, ಏನು ಮಾಡಲಿ?” ಎಂದ. ಆ ಹುಡುಗನಿಗೆ ಕಾಲು ನಿಲ್ಲದಿರುವುದಕ್ಕಿಂತ ಹತ್ತು ಗಂಟೆಯ ಕಾಲ್ ಹೆಚ್ಚಿನ ಭಯವಾಗಿತ್ತು. ನಾನು ಹೋಗಿ ತಲುಪುವಷ್ಟರಲ್ಲಿ ಯಾರೋ ಹಣ್ಣು ಮಾರುವವರು ನೀರು ಕೊಟ್ಟು, ಬೆನ್ನಿಗೆ ತಮ್ಮ ಚೀಲ ಒರಗಿಸಿ ಕೂರಿಸಿದ್ದರು. ವೈದ್ಯರು ರಕ್ತ ನೋಡಿದರು, ಹೃದಯ ನೋಡಿದರು. ದೊಡ್ಡ ಕಾಯಿಲೆಯೇನೂ ಇರಲಿಲ್ಲ. “ಈತ ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ?” ಎಂದು ನನ್ನನ್ನು ಕೇಳಿದರು. ಅಣ್ಣನಾದ ನನಗೆ ಉತ್ತರ ಗೊತ್ತಿರಲಿಲ್ಲ.

ಇದು ನಮ್ಮ ಮನೆಯ ಹುಡುಗನೊಬ್ಬನ ದುರ್ಬಲತೆಯೆಂದು ಭಾವಿಸಬೇಡಿ. ೨೦೧೩ರಲ್ಲಿ ಲಂಡನ್ನಿನ ಒಂದು ದೊಡ್ಡ ಬ್ಯಾಂಕಿನಲ್ಲಿ ತರಬೇತಿಗಿದ್ದ ೨೧ ವರ್ಷದ ಹುಡುಗನು ತನ್ನ ಕೋಣೆಯಲ್ಲಿ ತೀರಿಕೊಂಡಾಗ ಲೋಕವೆಲ್ಲ ಈ ಕೆಲಸದ ಗಂಟೆಗಳ ಕಡೆ ತಿರುಗಿ ನೋಡಿತು. ೨೦೨೧ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸಿನ ೧೩ ಮಂದಿ ಮೊದಲ ವರ್ಷದ ಅನಲಿಸ್ಟರು ತಾವೇ ಒಂದು ಲೆಕ್ಕ ಬರೆದರು: ವಾರಕ್ಕೆ ಸರಾಸರಿ ೯೫ ಗಂಟೆ ಕೆಲಸ, ರಾತ್ರಿಗೆ ೫ ಗಂಟೆ ನಿದ್ದೆ. ೨೦೨೪ರಲ್ಲಿ ಜೆ.ಪಿ. ಮಾರ್ಗನ್ನಿನವರು ಕಿರಿಯರ ಕೆಲಸಕ್ಕೆ ಸಾಮಾನ್ಯವಾಗಿ ವಾರಕ್ಕೆ ೮೦ ಗಂಟೆಯ ಮಿತಿ ಹಾಕಿದರೆಂದು ಸುದ್ದಿಯಾಯಿತು. ೮೦ ಗಂಟೆಯೆಂಬುದು ರಿಯಾಯಿತಿಯಾಗುವ ಜಗತ್ತು ಅದು. ನಮ್ಮಲ್ಲಿಯೂ ೨೦೨೩ರ ಅಕ್ಟೋಬರಿನಲ್ಲಿ ನಮ್ಮವರೇ ಆದ ನಾರಾಯಣ ಮೂರ್ತಿಯವರು ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದರು. ೨೦೨೫ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ೯೦ ಗಂಟೆಯ ಮಾತು ಹೊರಬಂತು. ಮಹಾರಾಷ್ಟ್ರದ ೨೦೧೭ರ ಅಂಗಡಿ–ಸಂಸ್ಥೆಗಳ ಕಾಯಿದೆಯಲ್ಲಿ ವಾರಕ್ಕೆ ೪೮ ಗಂಟೆ ಎಂದು ಬರೆದುದುಂಟು; ಆದರೆ ವ್ಯವಸ್ಥಾಪಕ ಸ್ವರೂಪದ ಹುದ್ದೆ ಎಂದೊಡನೆ ಆ ರಕ್ಷಣೆ ಕಳಚಿಬೀಳುತ್ತದೆ. ದೊಡ್ಡ ಹುದ್ದೆಯ ಹೆಸರಿಗೆ ಇದೂ ಒಂದು ಬೆಲೆ.

ದುಡಿಮೆಗೆ ನಾನು ವಿರೋಧಿಯಲ್ಲ. ಅಪ್ಪಯ್ಯನ ದಿನವನ್ನು ಗಂಟೆ ಲೆಕ್ಕದಲ್ಲಿ ಕೂಡಿದರೆ ವಾರಕ್ಕೆ ತೊಂಬತ್ತಕ್ಕೆ ಕಡಿಮೆಯಿರಲಾರದು. ಆದರೆ ಅವರ ಗಂಟೆಗಳಿಗೆ ಒಂದು ಮುಕ್ತಾಯವಿತ್ತು, ಅದು ಎಷ್ಟು ಹೊತ್ತಿಗೆಂದು ಅವರಿಗೂ ಗೊತ್ತಿತ್ತು, ಧಣಿಗೂ ಗೊತ್ತಿತ್ತು. ತಮ್ಮನನ್ನು ಕೆಡಿಸಿದುದು ಅದರ ಅಭಾವ. ಅವನು ವಿವರಿಸಿ ಹೇಳಿದ ಮೇಲೆ ನನಗೆ ಅರ್ಥವಾಯಿತು. ಅವನ ಗುಂಪಿನ ಹಿರಿಯರು ಹಗಲೆಲ್ಲ ಕಂಪೆನಿಗಳ ಮಾಲೀಕರನ್ನು ನೋಡಲು ಹೊರಗೆ ಹೋಗುತ್ತಿದ್ದರು. ಹುಡುಗರು ಮಧ್ಯಾಹ್ನವೆಲ್ಲ ಕೈಕಟ್ಟಿ ಕಾಯುತ್ತಿದ್ದರು. ಸಂಜೆ ಏಳಕ್ಕೆ ಹಿರಿಯರು ಬಂದು, ನೂರು ಪುಟದ ಕಾಗದದ ಮೇಲೆ ಕೆಂಪು ಗೀಟೆಳೆದು, “ಬೆಳಿಗ್ಗೆ ಬೇಕು” ಎಂದು ಮನೆಗೆ ಹೋಗುತ್ತಿದ್ದರು. ಹುಡುಗರ ದಿನ ಆಗ ಆರಂಭ. ಅಕ್ಷರದ ಗಾತ್ರ, ಕೋಷ್ಟಕದ ಬಣ್ಣ, ಇವನ್ನು ತಿದ್ದುತ್ತ ರಾತ್ರಿ ಎರಡು ಗಂಟೆ. ಆ ನೂರು ಪುಟಗಳಲ್ಲಿ ಗಿರಾಕಿ ತೆರೆದು ನೋಡುತ್ತಿದ್ದುದು ಹತ್ತು ಪುಟವಂತೆ.

ನ್ಯೂಯಾರ್ಕ್ ಪೇಟೆ ತೆರೆಯುವುದೇ ನಮ್ಮ ಸಂಜೆ ಏಳಕ್ಕೆ, ಚಳಿಗಾಲದಲ್ಲಿ ಎಂಟಕ್ಕೆ. ಆದುದರಿಂದ ರಾತ್ರಿ ಕೆಲಸ ಅನಿವಾರ್ಯ ಎಂದು ಕೆಲವರು ಹೇಳುವುದುಂಟು. ಕೆಲವು ಮೇಜುಗಳ ಮಟ್ಟಿಗೆ ಅದು ನಿಜ. ಆದರೆ ಅದೇ ಕಟ್ಟಡದ ಎರಡು ಮಾಳಿಗೆ ಮೇಲೆ ನಮ್ಮ ಸಂಘದ ಸದಸ್ಯರೊಬ್ಬರ ಮಗಳು ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಅದೇ ಹೆಸರು, ಅದೇ ಸಂಬಳ, ಅದೇ ಕ್ಯಾಂಟೀನು. ಷೇರು ನೀಡಿಕೆಯ ವಾರದಲ್ಲಿ ಅವಳೂ ಬೆಳಗಿನವರೆಗೆ ಕೂರುತ್ತಾಳೆ. ಅದು ಮುಗಿದೊಡನೆ ಅವಳ ಮೇಲಿನವರು ಎರಡು ದಿನ ಕಛೇರಿಯ ಕಡೆ ಮುಖ ಹಾಕಬೇಡವೆಂದು ಮನೆಗೆ ಕಳುಹಿಸುತ್ತಾರೆ. ಉಳಿದ ದಿನ ಒಂಬತ್ತರೊಳಗೆ ಮುಲುಂದಿನ ಮನೆಯಲ್ಲಿ. ಕೆಲಸ ಕಲಿತಳು, ಮೇಲೇರಿದಳು, ಕಳೆದ ವರ್ಷ ನಮ್ಮ ಸಂಘದ ನಾಟಕದಲ್ಲಿ ಪಾತ್ರವನ್ನೂ ಮಾಡಿದಳು. ಮನೆತನ ದೊಡ್ಡದೆಂದು ಹೆಣ್ಣು ಕೊಡುತ್ತೇವೆ, ಅತ್ತೆಯ ಸ್ವಭಾವ ವಿಚಾರಿಸಲು ಮರೆಯುತ್ತೇವೆ. ತಮ್ಮನ ವಿಷಯದಲ್ಲಿ ನಾನು ಮಾಡಿದ್ದೂ ಅದನ್ನೇ.

ಆ ಮನೆತನವಾದರೂ ಎಷ್ಟು ದಿನದ್ದು? ೧೯೦೬ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯೂ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕೂ ಹುಟ್ಟಿದವು, ೧೯೨೫ರಲ್ಲಿ ಸಿಂಡಿಕೇಟ್, ೧೯೩೧ರಲ್ಲಿ ವಿಜಯ. ೨೦೧೯ರ ಏಪ್ರಿಲಿನಲ್ಲಿ ವಿಜಯ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ೨೦೨೦ರ ಏಪ್ರಿಲಿನಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ಹೊರಗೆ ನೋಡಿದರೆ ೨೦೦೮ರಲ್ಲಿ ಲೇಮನ್ ಬ್ರದರ್ಸ್ ಮುಳುಗಿತು, ೨೦೨೩ರಲ್ಲಿ ಕ್ರೆಡಿಟ್ ಸ್ವಿಸ್ ಯು.ಬಿ.ಎಸ್. ಕೈ ಸೇರಿತು. ಫಲಕದ ಮೇಲಿನ ಅಕ್ಷರ ನಮ್ಮ ಕಣ್ಣ ಮುಂದೆಯೇ ಬದಲಾಯಿತು. ಆ ಫಲಕದ ಕೆಳಗೆ ಕೆಲಸ ಕಲಿಸಿದ ಮನುಷ್ಯರು ಮಾತ್ರ ಎಲ್ಲಿ ಹೋದರೂ ನಮ್ಮ ಕೈಯಲ್ಲಿ ಉಳಿದರು.

ತರುಣರಿಗೆ ಒಂದು ಬಿ.ಕಾಂ. ಲೆಕ್ಕ ಹೇಳುತ್ತೇನೆ. ಅಂಕಿಗಳು ಕಲ್ಪಿತ, ಲೆಕ್ಕದ ಬಗೆ ಮಾತ್ರ ನಿಜ. ಒಂದು ಕಛೇರಿ ಕೈಗೆ ತಿಂಗಳಿಗೆ ೨,೦೦,೦೦೦ ರೂಪಾಯಿ ಕೊಡುತ್ತದೆ, ವಾರಕ್ಕೆ ೯೦ ಗಂಟೆ ಕೇಳುತ್ತದೆ. ಅಂದರೆ ತಿಂಗಳಿಗೆ ಸುಮಾರು ೩೯೦ ಗಂಟೆ. ಇನ್ನೊಂದು ೧,೩೦,೦೦೦ ಕೊಡುತ್ತದೆ, ವಾರಕ್ಕೆ ೬೦ ಗಂಟೆ, ತಿಂಗಳಿಗೆ ೨೬೦. ಗಂಟೆಗೆ ಮೊದಲನೆಯದು ೫೧೩, ಎರಡನೆಯದು ೫೦೦. ಇನ್ನು ಮೊದಲನೆಯದಕ್ಕೆ ಹತ್ತಿರ ಕೋಣೆ ಹಿಡಿಯಲೇಬೇಕು: ಬಾಡಿಗೆಗೆ ೩೫,೦೦೦ ಕಳೆಯಿರಿ, ಓಡಾಟಕ್ಕೆ ತಿಂಗಳಿಗೆ ೨೫ ಗಂಟೆ ಕೂಡಿಸಿರಿ, ಗಂಟೆಗೆ ೩೯೮ ಆಯಿತು. ಎರಡನೆಯದಕ್ಕೆ ಡೊಂಬಿವಲಿಯಿಂದ ದಿನಕ್ಕೆ ಮೂರು ಗಂಟೆಯಂತೆ ೭೫ ಗಂಟೆ ಕೂಡಿಸಿರಿ, ಗಂಟೆಗೆ ೩೮೮. ಹೇಗೆ ತೂಗಿದರೂ ತಕ್ಕಡಿ ಹೆಚ್ಚುಕಡಿಮೆ ಸಮ. ದೊಡ್ಡ ಸಂಬಳವೆಂದು ನಾವು ಕುಣಿದಾಡಿದ್ದು ದೊಡ್ಡ ಗಂಟೆಯ ಬೆಲೆಯಷ್ಟೆ. ಹೀಗೆ ಲೆಕ್ಕ ತೀರ್ಪು ಕೊಡದಿರುವಾಗ, ಗಂಟೆಯನ್ನು ಯಾರ ಕೈಗೆ ಕೊಡುತ್ತೇವೆ ಎಂಬುದನ್ನು ನೋಡದೆ ಬೇರೆ ದಾರಿಯಿಲ್ಲ.

ಅದನ್ನು ತಿಳಿಯುವುದು ಹೇಗೆ? ಸಂದರ್ಶನದಲ್ಲಿ ಕೇಳಿದರೆ, “ನಾವೆಲ್ಲ ಒಂದೇ ಕುಟುಂಬದವರಂತೆ” ಎಂಬ ಉತ್ತರ ಬರುತ್ತದೆ. ಅದನ್ನು ಕೇಳಿ ನಮಸ್ಕಾರ ಹೇಳಿ ಬನ್ನಿ. ಆ ಗುಂಪನ್ನು ಬಿಟ್ಟುಹೋದ ಇಬ್ಬರನ್ನು ಹುಡುಕಿ ಮಾತನಾಡಿಸಿ. ಒಳಗಿರುವವರು ಸಂಕೋಚದಿಂದ ಹೇಳದ್ದನ್ನು ಬಿಟ್ಟವರು ಹೇಳುತ್ತಾರೆ. ಕಳೆದ ಎರಡು ವರ್ಷದಲ್ಲಿ ಆ ಮೇಜಿನಿಂದ ಎಷ್ಟು ಮಂದಿ ಹೋದರು, ಎಲ್ಲಿಗೆ ಹೋದರು ಎಂದು ಕೇಳಿ. ಒಳ್ಳೆಯ ಜಾಗಕ್ಕೆ ಹೋಗಿದ್ದರೆ ಆ ಹಿರಿಯರು ಕಲಿಸುವವರೆಂದು ಅರ್ಥ. ಎಲ್ಲಿಗೂ ಹೋಗದೆ ಸುಮ್ಮನೆ ಬಿಟ್ಟುಹೋಗಿದ್ದರೆ ಅದಕ್ಕೂ ಅರ್ಥವುಂಟು. ಸಾಧ್ಯವಾದರೆ ಒಂದು ಮಂಗಳವಾರವೋ ಬುಧವಾರವೋ ರಾತ್ರಿ ಹತ್ತೂವರೆಗೆ ಆ ಕಟ್ಟಡದ ಎದುರು ನಿಂತು ಹೊರಬರುವವರ ಮುಖ ನೋಡಿ. ನಾನು ನಗೆಗೆ ಹೇಳುತ್ತಿಲ್ಲ. ತಮ್ಮನ ಎರಡನೆಯ ಕೆಲಸಕ್ಕೆ ಮುನ್ನ ನಾವಿಬ್ಬರೂ ಹೋಗಿ ಎದುರಿನ ಚಹಾ ಗಾಡಿಯ ಬಳಿ ನಿಂತಿದ್ದೆವು. ಆ ಗಾಡಿಯವನಿಗೆ ಯಾವ ಮಾಳಿಗೆಯ ದೀಪ ಎಷ್ಟು ಹೊತ್ತಿಗೆ ಆರುತ್ತದೆಂಬುದು ಬಾಯಿಪಾಠವಾಗಿತ್ತು. ಹಾಗೆಯೇ, ಪತ್ರದಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನು ಓದಿ: ಬಿಡಬೇಕಾದರೆ ಎಷ್ಟು ದಿನದ ನೋಟೀಸು, ಸೇರುವಾಗ ಕೊಟ್ಟ ಬೋನಸ್ಸನ್ನು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆ ಎಂಬ ಎರಡು ಸಾಲು. ತಮ್ಮ ಮೊದಲೇ ಬಿಡಲು ಯೋಚಿಸಿದ್ದನಂತೆ. ಆ ಬೋನಸ್ಸು ಅಷ್ಟರಲ್ಲಿ ನಮ್ಮ ಮನೆಯ ಸಾಲಕ್ಕೆ ಸಂದಿತ್ತು.

ಸಾಲದ ವಿಚಾರವಾಗಿ ತಂದೆತಾಯಿಗಳಿಗೆ ಒಂದು ಮಾತು. ೨೦ ಲಕ್ಷದ ವಿದ್ಯಾಸಾಲವನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು ೪೨,೫೦೦. ಹತ್ತು ವರ್ಷಕ್ಕಾದರೆ ೨೬,೪೦೦. ಸಾಲ ಬೇಗ ತೀರಲಿ ಎಂಬುದು ನಮ್ಮವರ ಮರ್ಯಾದೆಯ ಪ್ರಶ್ನೆ, ಅದು ಒಳ್ಳೆಯದೇ. ಆದರೆ ಆ ಹದಿನಾರು ಸಾವಿರದ ವ್ಯತ್ಯಾಸದಲ್ಲಿ ಹುಡುಗನಿಗೆ ‘ಇಲ್ಲಿ ಆಗುವುದಿಲ್ಲ’ ಎನ್ನುವ ಶಕ್ತಿ ಅಡಗಿದೆ. ಉದ್ದದ ಅವಧಿ ಬರೆಸಿ. ಕೈಯಲ್ಲಿ ಹಣವಿದ್ದ ತಿಂಗಳು ಹೆಚ್ಚು ಕಟ್ಟಿ. ಒಟ್ಟು ಬಡ್ಡಿ ಹೆಚ್ಚಾದೀತು. ಬ್ಯಾಂಕಿನವನಾಗಿ ನಾನೇ ಇದನ್ನು ಹೇಳುತ್ತಿರುವುದರಿಂದ ಸಂದೇಹಪಡಬೇಡಿ, ನನಗೆ ಇದರಲ್ಲಿ ಕಮಿಷನ್ ಇಲ್ಲ.

ಬೆಂಗಳೂರಿಗೆ ಹೋಗಬಾರದೆ, ಅದು ನಮ್ಮದೇ ನಾಡಲ್ಲವೆ ಎಂದು ಕೆಲವು ತಾಯಂದಿರು ಕೇಳುತ್ತಾರೆ. ರಾಜ್ಯೋತ್ಸವದ ಸಂಚಿಕೆಯಲ್ಲಿ ಬೇಡವೆನ್ನಲು ನನಗೆ ಬಾಯಿ ಬಾರದು. ಗೋಲ್ಡ್‌ಮನ್ ಸ್ಯಾಕ್ಸ್ ೨೦೦೪ರಲ್ಲಿಯೇ ಅಲ್ಲಿ ನೆಲೆಯೂರಿತು, ಇತರರೂ ಬಂದರು. ಆದರೆ ಅಲ್ಲಿನ ಕೆಲಸದ ಬಹುಪಾಲು ತಂತ್ರಾಂಶ, ಅಪಾಯದ ಲೆಕ್ಕ, ವಿದೇಶದ ಗುಂಪ
ುಗಳಿಗೆ ಹಿಂಬದಿಯ ನೆರವು. ಸೆಬಿ, ಎರಡು ಷೇರು ವಿನಿಮಯ ಕೇಂದ್ರಗಳು, ಬಂಡವಾಳ ಕೇಳಿಕೊಂಡು ಬರುವ ಕಂಪೆನಿಗಳು, ಇವೆಲ್ಲ ಇರುವುದು ಈ ಊರಿನಲ್ಲಿ. ಕಂಪೆನಿಯ ಮಾಲೀಕರ ಎದುರು ಕುಳಿತು ಮಾತಾಡುವ ಕೆಲಸ ಹೆಚ್ಚಾಗಿ ಇಲ್ಲಿಯೇ. ಎರಡೂ ಗೌರವದ ಕೆಲಸವೇ. ಪತ್ರದ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಕೆಲಸ ಬೇರೆಯೆಂಬುದನ್ನು ತಿಳಿದು ಹೋದರೆ ಸಾಕು.

ದೂರದ ಪ್ರಶ್ನೆ ಈಗ ಕೊಂಚ ಹಗುರಾಗಿದೆ. ೨೦೨೪ರ ಅಕ್ಟೋಬರಿನಲ್ಲಿ ಆರೆಯಿಂದ ಬಿ.ಕೆ.ಸಿ.ವರೆಗೆ ಬಂದ ನೆಲದಡಿಯ ಮೆಟ್ರೋ ೨೦೨೫ರ ಅಕ್ಟೋಬರಿನಲ್ಲಿ ಕಫ್ ಪರೇಡ್ ತಲುಪಿತು. ಗೋರೆಗಾಂವ್, ಅಂಧೇರಿಯ ಕಡೆಯವರಿಗೆ ವರವೇ ಸರಿ. ನಮ್ಮ ಡೊಂಬಿವಲಿ, ಠಾಣೆಯವರಿಗೆ ಇನ್ನೂ ಲೋಕಲ್ಲೇ ಗತಿ.

ತಮ್ಮನ ವಿಚಾರ ಅರ್ಧಕ್ಕೆ ನಿಂತಿತು. ಮೂರು ತಿಂಗಳು ಮನೆಯಲ್ಲಿದ್ದ. ಮೊದಲ ಹದಿನೈದು ದಿನ ನಿದ್ದೆಯೇ. ಆಮೇಲೆ ನಮ್ಮ ಸಂಘದ ವಾಚನಾಲಯಕ್ಕೆ ಬಂದು ಕೂರುತ್ತಿದ್ದ. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಅಲ್ಲಿಯೇ ಓದಿ ಮುಗಿಸಿದ. ೧೯೭೯ರಲ್ಲಿ ಬಂದ ಆ ಕಾದಂಬರಿ ಇದೇ ಮುಂಬಯಿಯ ಕಂಪೆನಿ ಜಗತ್ತಿನೊಳಗೆ ಮನುಷ್ಯ ಮನುಷ್ಯನನ್ನು ಬೇಟೆಯಾಡುವ ಕಥೆ. “ಅಣ್ಣಾ, ಇದನ್ನು ಸೇರುವ ಮುಂಚೆ ಓದಿದ್ದರೆ?” ಎಂದ. “ಓದಿದ್ದರೂ ನಾನು ಸೇರಿಸುತ್ತಿದ್ದೆ” ಎಂದೆ. ಇಬ್ಬರಿಗೂ ನಗು ಬಂತು, ಬಹಳ ದಿನಗಳ ಮೇಲೆ.

ಆಮೇಲೆ ಫೋರ್ಟಿನ ಆ ಹಳೆಯ ಕಟ್ಟಡದ ಹಿರಿಯರಿಗೆ ಕಾಗದ ಬರೆದ. ಅವರು ಮರೆತಿರಲಿಲ್ಲ. ಸಂಬಳ ಕಡಿಮೆ, ಮನೆಯ ಸಾಲದ ಕಂತಿಗೆ ನಾನು ಅವಧಿ ವಿಸ್ತರಿಸಿಕೊಂಡೆ. ಅಲ್ಲಿಯೂ ಕೆಲವು ರಾತ್ರಿ ಹನ್ನೆರಡಾಗುತ್ತದೆ. ಆಗ ಆ ಹಿರಿಯರೂ ಪಕ್ಕದ ಕುರ್ಚಿಯಲ್ಲಿಯೇ ಕುಳಿತಿರುತ್ತಾರಂತೆ. ಉಳಿದ ದಿನ ಏಳೂವರೆಯ ಫಾಸ್ಟ್ ಲೋಕಲ್. ಅಮ್ಮ ಈಗಲೂ ಲಿಫ್ಟಿನ ಸದ್ದು ಕೇಳುವವರೆಗೆ ಮಲಗುವುದಿಲ್ಲ. ಅದು ಅಭ್ಯಾಸವಾಗಿಹೋಗಿದೆ.

ಈ ವರ್ಷ ಕೆಲಸದ ಪತ್ರ ಬಂದಿರುವ ಮೂರು ನಾಲ್ಕು ಮಂದಿ ಇಲ್ಲಿದ್ದೀರೆಂದು ಕಾರ್ಯದರ್ಶಿಗಳು ಹೇಳಿದರು. ಚಹಾ ಆದಮೇಲೆ ನಾನೂ ತಮ್ಮನೂ ವಾಚನಾಲಯದ ಮೇಜಿನ ಬಳಿ ಕುಳಿತಿರುತ್ತೇವೆ. ಪತ್ರಗಳನ್ನು ತನ್ನಿ, ಸಣ್ಣ ಅಕ್ಷರ ಓದಲು ನನ್ನ ಕನ್ನಡಕ ತಂದಿದ್ದೇನೆ.